ಅಜ್ಜನ ಸಂಗ್ರಹದ ಹೆನ್ರಿ ಕ್ಲೇ

ಪ್ರಶ್ನೆ: ವಕೀಲರಾಗಿದ್ದ ನಮ್ಮ ಅಜ್ಜ ಬೆಳಗಾವಿಯ ಕ್ಯಾಂಪ್ ಪ್ರದೇಶದ ಹರಾಜೊಂದರಲ್ಲಿ ಕೊಂಡುತಂದ ಹಳೆಯ ಪುಸ್ತಕಗಳ ಜೊತೆಗೆ ಹೆನ್ರಿ ಕ್ಲೇ ಎಂಬ ಅಮೆರಿಕದ ರಾಜಕಾರಣಿಯ ಭಾವಚಿತ್ರವಿತ್ತು. ಚಿತ್ರದ ಕೆಳಗೆ ಅವರ ಸಹಿಯೂ, ಅತಿ ಸಣ್ಣ ಅಕ್ಷರಗಳಲ್ಲಿ ಚಾಪೆಲ್ ಎಂಬ ಹೆಸರು, ನ್ಯೂಯಾರ್ಕಿನ ಪ್ರಕಾಶಕರ ಹೆಸರು ಹಾಗೂ 1862 ಎಂಬ ಇಸವಿಯೂ ಇವೆ. ಇದು ಫೋಟೊವೇ? ಸಹಿ ಅಸಲಿಯೇ? ಕಂದು ಚುಕ್ಕೆಗಳು ಬಿದ್ದಿರುವುದರಿಂದ ತೊಳೆದು ಲ್ಯಾಮಿನೇಷನ್ ಮಾಡಿಸಬಹುದೇ?
- ಓದುಗರೊಬ್ಬರು, ಬೆಳಗಾವಿ

ಉತ್ತರ: ಸಹಿಯ ಪ್ರಶ್ನೆಗೆ ನಿಮ್ಮ ಚಿತ್ರವೇ ಉತ್ತರ ಕೊಟ್ಟಿದೆ. ಕ್ಲೇ ತೀರಿಕೊಂಡದ್ದು 1852ರಲ್ಲಿ. ಹತ್ತು ವರ್ಷಗಳ ನಂತರ ಅಚ್ಚಾದ ಹಾಳೆಯ ಮೇಲೆ ಅವರು ಸಹಿ ಹಾಕಿರಲು ಸಾಧ್ಯವಿಲ್ಲ. ಗಣ್ಯರ ಸಹಿಯ ನಕಲನ್ನೂ ಚಿತ್ರದೊಡನೆ ಅಚ್ಚು ತೆಗೆಯುವ ಲೋಹದ ಫಲಕದ ಮೇಲೆಯೇ ಕೆತ್ತುವುದು ಆ ಕಾಲದ ಪ್ರಕಾಶಕರ ರೂಢಿಯಾಗಿತ್ತು.

ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಇದು ಉಕ್ಕಿನ ಫಲಕದ ಮೇಲೆ ಕೆತ್ತಿ ತೆಗೆದ ಅಚ್ಚಿನಂತೆ ತೋರುತ್ತದೆ. ತಾಮ್ರದ ಫಲಕವು ಮೆತುವಾದ್ದರಿಂದ ಬೇಗ ಸವೆಯುತ್ತಿತ್ತು. ಉಕ್ಕಿನ ಫಲಕದಿಂದ ಸಾವಿರಾರು ಪ್ರತಿಗಳನ್ನು ತೆಗೆಯಬಹುದಾಗಿದ್ದುದರಿಂದ, 1820ರ ದಶಕದಿಂದೀಚೆಗೆ ಪುಸ್ತಕಗಳಲ್ಲಿ ಇಂತಹ ಭಾವಚಿತ್ರಗಳು ಹೇರಳವಾಗಿ ಬಂದವು. ಅಲೋಂಜೊ ಚಾಪೆಲ್ (1828–1887) ಇಂತಹ ಪುಸ್ತಕಗಳಿಗೆಂದೇ ಗಣ್ಯರ ಚಿತ್ರಗಳನ್ನು ಬರೆದುಕೊಡುತ್ತಿದ್ದ ಕಲಾವಿದ. ಫಲಕ ಕೆತ್ತುವವರು ಬೇರೆಯೇ ಇರುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿರಿ: ಕೋಟಿನ ಭಾಗದಲ್ಲಿ ಅಡ್ಡ-ಉದ್ದ ಹೆಣೆದ ಗೆರೆಗಳು, ಮುಖದ ಭಾಗದಲ್ಲಿ ದಟ್ಟವಾಗಿಯೂ ವಿರಳವಾಗಿಯೂ ಕೈಯಿಂದ ಇಟ್ಟ ಚುಕ್ಕೆಗಳು ಕಂಡರೆ ಅದು ಕೆತ್ತನೆಯೇ. ಚಿತ್ರವೆಲ್ಲ ಜಾಲರಿಯಂತೆ ಒಂದೇ ಅಂತರದ ಚುಕ್ಕೆಗಳಿಂದ ತುಂಬಿದ್ದರೆ ಮಾತ್ರ, ಫೋಟೊ ತಂತ್ರದಿಂದ ಆಮೇಲೆ ಮಾಡಿದ ಮರುಮುದ್ರಣವೆಂದು ತಿಳಿಯಬೇಕು.

ಕೆಂಟಕಿಯ ಕ್ಲೇ ಪ್ರತಿನಿಧಿ ಸಭೆಯ ಸ್ಪೀಕರ್, ಸೆನೆಟರ್, ವಿದೇಶಾಂಗ ಕಾರ್ಯದರ್ಶಿ ಎಲ್ಲವೂ ಆಗಿದ್ದವರು. 1824, 1832, 1844ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಮೂರು ಸಲವೂ ಸೋತರು. ಗುಲಾಮಗಿರಿಯ ವಿವಾದದಲ್ಲಿ ಉತ್ತರ-ದಕ್ಷಿಣ ರಾಜ್ಯಗಳ ನಡುವೆ 1820 ಮತ್ತು 1850ರಲ್ಲಿ ರಾಜಿ ಮಾಡಿಸಿದವರಲ್ಲಿ ಪ್ರಮುಖರು, ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು ಕೂಡ. ಆ ರಾಜಿ ಮುರಿದು 1861ರಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಯುದ್ಧ ನಡೆಯುತ್ತಿದ್ದಾಗಲೇ ರಾಜಿಗಾರನ ಚಿತ್ರ ಹೊರಬಂದಿತೆಂಬುದು ನನಗಂತೂ ಅದರ ಬೆಲೆಗಿಂತ ಸ್ವಾರಸ್ಯಕರವಾಗಿ ಕಾಣುತ್ತದೆ. ಬೆಲೆ ಹೆಚ್ಚೇನೂ ಬರಲಾರದು, ಏಕೆಂದರೆ ಇಂತಹ ಪುಸ್ತಕಗಳಿಂದ ಬಿಡಿಸಿದ ಹಾಳೆಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ.

ಲ್ಯಾಮಿನೇಷನ್ ಖಂಡಿತ ಬೇಡ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಕಷ್ಟ. ಮನೆಯಲ್ಲಿ ತೊಳೆಯಲೂ ಬಾರದು, ಬ್ಲೀಚ್ ಹಚ್ಚಲೂ ಬಾರದು. ಕಂದು ಚುಕ್ಕೆಗಳು ತೇವದಿಂದ ಹೆಚ್ಚುವುದರಿಂದ, ಬೆಳಗಾವಿಯ ಮಳೆಗಾಲದಲ್ಲಿ ನೀರು ಜಿನುಗುವ ಹೊರಗೋಡೆಗೆ ಚಿತ್ರವನ್ನು ತೂಗುಹಾಕಬೇಡಿರಿ. ಫ್ರೇಮ್ ಹಾಕಿಸುವುದಾದರೆ ಹಿಂದೆ ಹಾರ್ಡ್‌ಬೋರ್ಡ್ ನೇರವಾಗಿ ತಾಗದಂತೆ ಆಮ್ಲರಹಿತ ಬೋರ್ಡ್ ಇಡಿಸಿ, ಗಾಜು ಚಿತ್ರಕ್ಕೆ ಅಂಟಿಕೊಳ್ಳದಂತೆ ನಡುವೆ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಅಂಚು) ಕೊಡಿಸಿರಿ. ಅಂಚು ಸರಿಹೊಂದಿಸಲು ಅಂಗಡಿಯವರು ಕೆಳಗಿನ ಸಣ್ಣ ಅಕ್ಷರಗಳ ಸಾಲನ್ನು ಕತ್ತರಿಸದಂತೆ ಮೊದಲೇ ಹೇಳಿಡಿರಿ.