ಅಪ್ಪ ಕೇರ್ ಹೋಮ್ ಸೇರಿದ್ದಾರೆ, ಅಟೆಂಡೆನ್ಸ್ ಅಲೊವೆನ್ಸ್ ನಿಂತುಹೋಗುತ್ತದಾ?

ನಿಮ್ಮ ಅಪ್ಪನಿಗೆ 84 ವರ್ಷ, ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿದ್ದು ಅಲ್ಲಿಂದ ನೇರ ಇಂಗ್ಲೆಂಡಿನ ಒಂದು ಕೇರ್ ಹೋಮ್ ಸೇರಿದ್ದಾರೆ, ಅಮ್ಮ ಇಲ್ಲ, ಅಪ್ಪ ಒಬ್ಬರೇ ಇದ್ದ ಮನೆ ಈಗ ಖಾಲಿ ಇದೆ ಎಂದು ಬರೆದಿದ್ದೀರಿ. ಅವರಿಗೆ ಬರುತ್ತಿದ್ದ ಅಟೆಂಡೆನ್ಸ್ ಅಲೊವೆನ್ಸ್, ಅಂದರೆ ದಿನನಿತ್ಯದ ಕೆಲಸಕ್ಕೆ ನೆರವು ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಹಣ, ಮುಂದೆ ಸಿಗುತ್ತದಾ ಅಂತ ಕೇಳಿದ್ದೀರಿ. ನನ್ನ ಅಮ್ಮನ ವಿಷಯದಲ್ಲಿ ನಾವೂ ಇದೇ ದಾರಿ ಹಾದು ಬಂದಿದ್ದೇವೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋಮ್ ಸೇರಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಹೋಮ್‌ನ ಫೀಸ್ ಯಾರು ಕಟ್ಟುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ. ಪೂರ್ತಿ ಹಣ ಅಪ್ಪನದೇ ಆದರೆ ಅಲೊವೆನ್ಸ್ ಬರುತ್ತಲೇ ಇರುತ್ತದೆ. ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಒಂದು ಪಾಲು ಕಟ್ಟಿದರೂ ಸಾಕು, 28 ದಿನ ಆದಮೇಲೆ ನಿಲ್ಲುತ್ತದೆ. ಸರ್ಕಾರಿ ಆರೋಗ್ಯ ಸೇವೆಯಾದ ಎನ್ಎಚ್ಎಸ್ ಇಡೀ ಖರ್ಚು ಹೊತ್ತರೂ ಹಾಗೇ. ಆದರೆ ನರ್ಸಿಂಗ್‌ಗೆ ಅಂತ ಎನ್ಎಚ್ಎಸ್ ನೇರವಾಗಿ ಹೋಮ್‌ಗೆ ಕೊಡುವ ಹಣ ಬೇರೆ. ಅದರಿಂದ ಅಲೊವೆನ್ಸ್‌ಗೆ ಏನೂ ತೊಂದರೆ ಇಲ್ಲ.

ಈ 28 ದಿನದ ಲೆಕ್ಕದಲ್ಲೇ ನಾವು ಎಡವಿದ್ದು. ಅಮ್ಮ ಸೊಂಟ ಮುರಿದುಕೊಂಡು ಸುಮಾರು ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಕೌನ್ಸಿಲ್ ಹಣದಲ್ಲಿ ಹೋಮ್‌ಗೆ ಹೋದರು. ಹೋಮ್ ಸೇರಿದ ದಿನದಿಂದ ಎಣಿಸಬೇಕು ಅಂದುಕೊಂಡೆವು. ತಪ್ಪು. ಆಸ್ಪತ್ರೆಯ ದಿನಗಳೂ ಅದರಲ್ಲಿ ಸೇರುತ್ತವೆ. ಹೋಮ್ ಸೇರಿದ ಒಂದೇ ವಾರಕ್ಕೆ 28 ದಿನ ಮುಗಿದಿತ್ತು. ನಾವು ತಿಳಿಸಿದ್ದು ತಡವಾಗಿ. ಅಷ್ಟರಲ್ಲಿ ಬಂದ ಹಣ ವಾಪಸ್ ಕಟ್ಟಿ ಅಂತ ಪತ್ರ ಬಂತು. ಅಮ್ಮನ ಹೆಸರಿಗೆ ಬಂದ ಆ ಪತ್ರವನ್ನು ಅವರಿಗೆ ತೋರಿಸಲು ನನಗೆ ಮನಸ್ಸೇ ಬರಲಿಲ್ಲ. ಆದ್ದರಿಂದ ನೀವು ಇವತ್ತೇ ಮೂರು ತಾರೀಖು ಬರೆದಿಟ್ಟುಕೊಳ್ಳಿ: ಆಸ್ಪತ್ರೆ ಸೇರಿದ್ದು, ಹೋಮ್‌ಗೆ ಹೋಗಿದ್ದು, ಕೌನ್ಸಿಲ್ ಹಣ ಶುರುವಾಗಿದ್ದು. ಅಲೊವೆನ್ಸ್ ಕೊಡುವ ಇಲಾಖೆಗೆ ಫೋನ್ ಮಾಡಿ ಮೂರನ್ನೂ ತಿಳಿಸಿ.

ಇನ್ನು ಅಪ್ಪನ ಮನೆ. ಇದೇ ನಿಮಗೆ ಜಾಸ್ತಿ ತಲೆನೋವು ಕೊಡುವ ಭಾಗ. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಆಸ್ತಿ ಇದ್ದವರು ಫೀಸ್ ತಾವೇ ಕಟ್ಟಬೇಕು. ಆದರೆ ಹೋಮ್‌ನಲ್ಲಿ ಕಾಯಂ ಆಗಿ ಇರಲು ಹೋದ ಮೊದಲ 12 ವಾರ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಉಳಿತಾಯ ಆ ಮಿತಿಯೊಳಗಿದ್ದರೆ ಆಗ ಕೌನ್ಸಿಲ್ ಕೈಜೋಡಿಸುತ್ತದೆ, ಅಲೊವೆನ್ಸ್ ನಿಲ್ಲುತ್ತದೆ. 12 ವಾರ ಮುಗಿದ ಮೇಲೆ ಮನೆ ಲೆಕ್ಕಕ್ಕೆ ಬರುತ್ತದೆ. ಮನೆ ಕೂಡಲೇ ಮಾರದೆ, ಕೌನ್ಸಿಲ್ ಜೊತೆ ಡಿಫರ್ಡ್ ಪೇಮೆಂಟ್ ಒಪ್ಪಂದ ಮಾಡಿಕೊಂಡರೆ ಅದು ಫೀಸನ್ನು ಸಾಲದ ಹಾಗೆ ಕಟ್ಟಿ, ಆಮೇಲೆ ಮನೆಯ ಹಣದಿಂದ ವಸೂಲಿ ಮಾಡಿಕೊಳ್ಳುತ್ತದೆ. ಸಾಲ ಅಂದಮೇಲೆ ಅದು ಅಪ್ಪನ ಹಣವೇ ಅಲ್ವಾ? ಹಾಗಾಗಿ ಆಗ ಅಲೊವೆನ್ಸ್ ಮತ್ತೆ ಸಿಗುತ್ತದೆ. ಆದರೆ ಮತ್ತೆ ಶುರುಮಾಡಿ ಅಂತ ನಾವೇ ಹೇಳಬೇಕು. ಇದನ್ನು ನಮಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಬರಬೇಕಾದ ಹಣ ಎಷ್ಟೋ ತಿಂಗಳು ಸುಮ್ನೆ ತಪ್ಪಿಹೋಯಿತು. ನನಗೆ ಈಗಲೂ ನೋವಾಗುವುದು ಅದಕ್ಕೇ.

2025-26ರಲ್ಲಿ ಅಟೆಂಡೆನ್ಸ್ ಅಲೊವೆನ್ಸ್ ವಾರಕ್ಕೆ 73.90 ಪೌಂಡ್ ಇತ್ತು, ಹಗಲು ರಾತ್ರಿ ಎರಡೂ ಹೊತ್ತು ನೆರವು ಬೇಕಿದ್ದವರಿಗೆ 110.40. ಸ್ಟ್ರೋಕ್‌ಗೆ ಮುಂಚೆ ಅಪ್ಪನಿಗೆ ಕಡಿಮೆ ದರ ಬರುತ್ತಿದ್ದರೆ, ಈಗ ರಾತ್ರಿಯೂ ಎಬ್ಬಿಸಿ ಮಗ್ಗುಲು ಬದಲಿಸಬೇಕಾಗಿದ್ದರೆ, ದರ ಏರಿಸಲು ಕೇಳಿ. ಹೆಚ್ಚಾದ ನೆರವು ಆರು ತಿಂಗಳಿಂದ ಬೇಕಾಗಿರಬೇಕು ಅನ್ನುವ ನಿಯಮವಿದೆ. ಉಳಿತಾಯ ಎಷ್ಟಿದೆ ಅಂತ ಇದಕ್ಕೆ ನೋಡುವುದಿಲ್ಲ, ತೆರಿಗೆಯೂ ಇಲ್ಲ. ಫಾರ್ಮ್ ತುಂಬುವಾಗ ಅಪ್ಪನ ಪಕ್ಕದಲ್ಲೇ ಕೂತುಕೊಳ್ಳಿ, ಆದರೆ ಅವರಿಗೆ ಏನೇನು ನೆರವು ಕೊಡಬೇಕು ಅಂತ ಹೋಮ್‌ನವರು ಬರೆದಿಟ್ಟ ಕೇರ್ ಪ್ಲಾನ್ ಕೂಡ ಕೈಯಲ್ಲಿರಲಿ. ನಮ್ಮ ಹಿರಿಯರು "ಎಲ್ಲಾ ನಾನೇ ಮಾಡ್ಕೋತೀನಪ್ಪ" ಅಂದುಬಿಡುತ್ತಾರೆ. ಅಂಗಿ ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ ಅನ್ನುವುದನ್ನು ಹೇಳುವುದೇ ಇಲ್ಲ. ಯಾವುದಕ್ಕೆ ನೆರವು ಬೇಕು, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಅಂತ ಬರೆಯಿರಿ. ಕಾಯಿಲೆಯ ಹೆಸರಷ್ಟೇ ಬರೆದರೆ ಸಾಲದು.

ಸ್ಕಾಟ್ಲೆಂಡಿನಲ್ಲಿ ನಿಯಮ ಬೇರೆ, ಅಲ್ಲಿನ ಸ್ನೇಹಿತರ ಮಾತು ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಅಪ್ಪನಿಗೆ ತಮ್ಮ ಹಣದ ವ್ಯವಹಾರ ನೋಡಿಕೊಳ್ಳಲು ಆಗದಿದ್ದರೆ ನೀವು ಅವರ ಅಪಾಯಿಂಟೀ (ಅವರ ಪರವಾಗಿ ಅಲೊವೆನ್ಸ್ ವ್ಯವಹಾರ ನೋಡಿಕೊಳ್ಳುವವರು) ಆಗಲು ಅರ್ಜಿ ಹಾಕಬಹುದು. ಏಜ್ ಯುಕೆ, ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾ ಸಂಸ್ಥೆಗಳವರು ಫಾರ್ಮ್ ತುಂಬಲು ಉಚಿತವಾಗಿ ನೆರವಾಗುತ್ತಾರೆ. ಕೌನ್ಸಿಲ್‌ನಿಂದ ಬಂದ ಪತ್ರದಲ್ಲಿ 12 ವಾರ ಯಾವತ್ತು ಮುಗಿಯುತ್ತದೆ ಅಂತ ಇದ್ದರೆ ಇಲ್ಲಿ ಹಾಕಿ, ಯಾವ ವಾರ ಯಾರಿಗೆ ಫೋನ್ ಮಾಡಬೇಕು ಅಂತ ಹೇಳುತ್ತೇನೆ.