ಎಣಿಕೆಯಲ್ಲಿ ತಪ್ಪಾದರೆ ಅಧಿಕಾರಿಯನ್ನು ಕೇಳುವವರು ಯಾರು?

ಪ್ರಶ್ನೆ: ನಾವು ಮುಂಬೈನ ಗೋರೆಗಾಂವ್‌ನವರು. ವಿಧಾನಸಭೆ ಚುನಾವಣೆಯಲ್ಲಿ ನನ್ನ ತಮ್ಮ ಒಬ್ಬ ಅಭ್ಯರ್ಥಿಯ ಎಣಿಕೆ ಏಜೆಂಟ್ ಆಗಿದ್ದ. ಒಂದು ಬೂತಿನ ಲೆಕ್ಕ ತಾಳೆಯಾಗಲಿಲ್ಲ. ಮತ್ತೆ ಎಣಿಸಿ ಎಂದು ಎಷ್ಟು ಕೇಳಿಕೊಂಡರೂ ಅಧಿಕಾರಿ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಅವರ ಮೇಲೆ ಪರಿಹಾರಕ್ಕೆ ಕೇಸು ಹಾಕಬಹುದಾ ಸರ್?

ಉತ್ತರ: ಪರಿಹಾರದ ಕೇಸು ನಿಲ್ಲುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ನೇ ಸೆಕ್ಷನ್ನೇ ಅದಕ್ಕೆ ಅಡ್ಡ ಬರುತ್ತದೆ. ಸರಿಯಾದ ಕಾರಣವಿಲ್ಲದೆ ಕರ್ತವ್ಯ ತಪ್ಪಿದವರಿಗೆ ಅದೇ ಸೆಕ್ಷನ್ ದಂಡ ಹೇಳುತ್ತದೆ. ಎಷ್ಟು ಗೊತ್ತಾ? ಹೆಚ್ಚೆಂದರೆ 500 ರೂಪಾಯಿ. ಬಿಸಿಲಲ್ಲಿ ಸಾಲು ನಿಂತು ವೋಟು ಹಾಕಿದವರಿಗೆ ಇದು ಅನ್ಯಾಯ. ಈ ಮೊತ್ತ ಬದಲಾಗಲೇಬೇಕು.

ಬೇಕೆಂದೇ ಮೋಸ ಮಾಡಿದರೆ ಮಾತು ಬೇರೆ. ಮತಪತ್ರ ನಾಶ ಮಾಡುವಂಥ ಕೆಲಸಕ್ಕೆ 136ನೇ ಸೆಕ್ಷನ್ ಪ್ರಕಾರ ಚುನಾವಣಾ ಸಿಬ್ಬಂದಿಗೆ 2 ವರ್ಷದವರೆಗೆ ಜೈಲು ಆಗಬಹುದು. 2024ರ ಜನವರಿಯಲ್ಲಿ ಚಂಡೀಗಢದ ಮೇಯರ್ ಚುನಾವಣೆ ನಡೆಯಿತಲ್ಲ, ಅಲ್ಲಿ ಅಧಿಕಾರಿಯೇ 8 ಮತಪತ್ರಗಳ ಮೇಲೆ ಗುರುತು ಹಾಕಿ ಅಸಿಂಧು ಎಂದರು. ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರು. ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಿರುಗಿಸಿತು. ಕೋರ್ಟಿನ ಮುಂದೆ ಸುಳ್ಳು ಹೇಳಿದ್ದಕ್ಕೆ ಆ ಅಧಿಕಾರಿಗೆ ನೋಟಿಸ್ ಕೊಡಿಸಿತು.

ಈಗ ನಿಮ್ಮ ತಮ್ಮನ ವಿಷಯ. ಅವರು ಬಾಯಲ್ಲಿ ಕೇಳಿದರಾ, ಬರೆದುಕೊಟ್ಟರಾ? ಎಲ್ಲವೂ ನಿಂತಿರುವುದು ಇದರ ಮೇಲೆ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 63ನೆಯದನ್ನು ನೋಡಿ. ಮರು ಎಣಿಕೆಯನ್ನು ಲಿಖಿತವಾಗಿ, ಕಾರಣ ಕೊಟ್ಟು ಕೇಳಬೇಕು. ಅಭ್ಯರ್ಥಿ ಸ್ಥಳದಲ್ಲಿ ಇಲ್ಲದಿದ್ದರೆ ಎಣಿಕೆ ಏಜೆಂಟ್ ಕೂಡ ಕೇಳಬಹುದು. ಅಧಿಕಾರಿ ಒಪ್ಪದಿದ್ದರೆ ಯಾಕೆ ಎಂದು ಬರೆದಿಡಲೇಬೇಕು. ಫಾರ್ಮ್ 20ಕ್ಕೆ, ಅಂದರೆ ಅಂತಿಮ ಫಲಿತಾಂಶದ ಹಾಳೆಗೆ, ಅಧಿಕಾರಿಯ ಸಹಿ ಬಿತ್ತೆಂದರೆ ಆ ಬಾಗಿಲು ಮುಚ್ಚಿತು. ಆ ಗಲಾಟೆಯಲ್ಲಿ ಒಂದು ಹಾಳೆ ಬರೆಯಲು ಯಾರಿಗೂ ನೆನಪಾಗುವುದಿಲ್ಲ, ನನಗೆ ಅರ್ಥವಾಗುತ್ತದೆ.

ಆಮೇಲೆ ಉಳಿಯುವುದು ಹೈಕೋರ್ಟಿನ ಚುನಾವಣಾ ಅರ್ಜಿ. ಫಲಿತಾಂಶ ಬಂದ 45 ದಿನದೊಳಗೆ ಹಾಕಬೇಕು. ಮತದಾರರೂ ಹಾಕಬಹುದು. ಆದರೆ ಸುಮ್ನೆ ಅನುಮಾನ ಇದೆ ಎಂದರೆ ಕೋರ್ಟ್ ಮರು ಎಣಿಕೆ ಮಾಡಿಸುವುದಿಲ್ಲ. ಮುಂಬೈ ವಾಯವ್ಯದಲ್ಲಿ 2024ರ ಲೋಕಸಭೆ ಫಲಿತಾಂಶ ಬರೀ 48 ಮತಗಳ ಅಂತರದ್ದು. ಆದರೂ ಸೋತವರ ಅರ್ಜಿಯನ್ನು ಅದೇ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ವಜಾ ಮಾಡಿತು.

45 ದಿನ ದಾಟಿದ್ದರೂ ಚುನಾವಣಾ ಆಯೋಗಕ್ಕೆ ದೂರು ಕೊಡಬಹುದು. ಫಲಿತಾಂಶ ಘೋಷಣೆಯಾಗುವವರೆಗೆ ಆ ಅಧಿಕಾರಿ ಆಯೋಗದ ಶಿಸ್ತಿನಡಿ ಇದ್ದವರು. ಬೂತಿನಲ್ಲಿ ಕೊಟ್ಟ ಫಾರ್ಮ್ 17ಸಿ, ಅಂದರೆ ಅಲ್ಲಿ ಬಿದ್ದ ಮತಗಳ ಲೆಕ್ಕದ ಪ್ರತಿ, ನಿಮ್ಮ ತಮ್ಮನ ಹತ್ತಿರ ಇದೆಯಾ ಕೇಳಿ. ಇದ್ದರೆ ಅದರ ನಕಲನ್ನು ದೂರಿನ ಜೊತೆ ಇಡಿ, ಮೂಲ ಪ್ರತಿ ಮನೆಯಲ್ಲೇ ಇರಲಿ.