ಸಿಬ್ಬಂದಿ ಅಪರಾಧ ಮಾಡಿದರೆ ಗುತ್ತಿಗೆ ರದ್ದು ಎಂಬ ಒಂದು ವಾಕ್ಯ ಸಾಕೇ?

ನಿಮ್ಮ ಸಂಸ್ಥೆಯ ಲೆಕ್ಕಪತ್ರ ಮತ್ತು ಗ್ರಾಹಕರ ಮಾಹಿತಿಯನ್ನು ನಿರ್ವಹಿಸುವ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಡುತ್ತಿರುವುದಾಗಿಯೂ, ಕರಡಿನಲ್ಲಿ “ಗುತ್ತಿಗೆದಾರರಾಗಲಿ ಅವರ ಸಿಬ್ಬಂದಿಯಾಗಲಿ ಅಪರಾಧ ಕೃತ್ಯದಲ್ಲಿ ತೊಡಗಿದಲ್ಲಿ ಈ ಕರಾರು ತಕ್ಷಣವೇ ರದ್ದಾಗತಕ್ಕದ್ದು” ಎಂಬ ಕಲಮು ಇರುವುದಾಗಿಯೂ ಬರೆದು, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಕಂಪನಿಗಳ ಕರಾರುಗಳನ್ನು ಬರೆಯುವುದು ಮತ್ತು ತಿದ್ದುವುದೇ ನನ್ನ ಉದ್ಯೋಗ; ಸಾಲದು ಎಂಬುದು ನನ್ನ ಉತ್ತರ. ಓದುವುದಕ್ಕೆ ಈ ವಾಕ್ಯ ಬಿಗಿಯಾಗಿಯೇ ಇದೆ. ಆದರೆ ಅಪರಾಧ ನಡೆದಿದೆ ಎಂದು ಯಾರು, ಯಾವ ಹಂತದಲ್ಲಿ, ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ; ವ್ಯಾಜ್ಯ ಹುಟ್ಟುವುದು ಅಲ್ಲಿಯೇ.

ಮೊದಲನೆಯದಾಗಿ, ಕರಾರು ತಾನಾಗಿಯೇ ರದ್ದಾಗುವಂತೆ ಬರೆಯಬೇಡಿ. ವರ್ಷಾಂತ್ಯದ ಲೆಕ್ಕ ಅರ್ಧಕ್ಕೆ ಬಂದಿರುವಾಗ ಗುತ್ತಿಗೆದಾರರ ಒಬ್ಬ ನೌಕರ ಕಳ್ಳತನ ಮಾಡಿದನೆಂದರೆ, ಅದೇ ಕ್ಷಣಕ್ಕೆ ಕರಾರು ಬಿದ್ದುಹೋಗುವುದರಿಂದ ಕಷ್ಟಕ್ಕೆ ಸಿಲುಕುವವರು ನೀವು. ಲಾಭವಿಲ್ಲದ ಕೆಲಸದಿಂದ ಕೈತೊಳೆದುಕೊಳ್ಳಲು ಕಾಯುತ್ತಿರುವ ಗುತ್ತಿಗೆದಾರನಿಗೆ ತನ್ನ ಕಡೆಯವರ ತಪ್ಪೇ ವರವಾಗಬಹುದು. “ರದ್ದುಪಡಿಸುವ ಹಕ್ಕು ಕೆಲಸ ಒಪ್ಪಿಸಿದವರಿಗೆ ಇರುತ್ತದೆ” ಎಂದು ಬರೆದರೆ ಮುಂದುವರಿಸುವುದೋ ನಿಲ್ಲಿಸುವುದೋ ಎಂಬ ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಎರಡನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಹಂತದ ಪ್ರಶ್ನೆ. ದೂರು, ಬಂಧನ, ಆರೋಪಪಟ್ಟಿ, ತೀರ್ಪು, ಮೇಲ್ಮನವಿ ಇವೆಲ್ಲ ಬೇರೆ ಬೇರೆ ಘಟ್ಟಗಳು, ಇವುಗಳ ನಡುವೆ ವರ್ಷಗಳೇ ಕಳೆಯಬಹುದು. ಶಿಕ್ಷೆಯಾದ ಮೇಲಷ್ಟೇ ಕ್ರಮ ಎಂದು ಬರೆದರೆ ಕಲಮು ಉಪಯೋಗಕ್ಕೆ ಬರುವ ಹೊತ್ತಿಗೆ ಕರಾರಿನ ಅವಧಿಯೇ ಮುಗಿದಿರುತ್ತದೆ. ಆರೋಪ ಬಂದರೆ ಸಾಕು ಎಂದು ಬರೆದರೆ ಪ್ರತಿಸ್ಪರ್ಧಿಯೊಬ್ಬ ಕೊಟ್ಟ ಸುಳ್ಳು ದೂರಿನಿಂದಲೂ ಗುತ್ತಿಗೆ ಕಳೆದುಹೋಗಬಹುದು. ಈ ಇಕ್ಕಟ್ಟು ಹೊಸದಲ್ಲ. 1921ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹಾಸ್ಯನಟ ರಾಸ್ಕೋ ಅರ್ಬಕಲ್ ಬಂಧನವಾದ ಬೆನ್ನಿಗೇ ಯೂನಿವರ್ಸಲ್ ಚಿತ್ರಸಂಸ್ಥೆ ತನ್ನ ಕಲಾವಿದರ ಕರಾರುಗಳಿಗೆ ನಡತೆಯ ಕಲಮೊಂದನ್ನು ಸೇರಿಸಿತು. ಅದರಲ್ಲಿ ಅಪರಾಧ ಸಾಬೀತಾಗಬೇಕೆಂಬ ಷರತ್ತು ಇರಲಿಲ್ಲ, ಕಲಾವಿದ ಜನರ ತಿರಸ್ಕಾರಕ್ಕೆ ಗುರಿಯಾಗುವಂತೆ ನಡೆದುಕೊಂಡರೆ ಸಾಕಿತ್ತು. ಅರ್ಬಕಲ್ ಅವರಾದರೋ 1922ರ ಏಪ್ರಿಲ್‌ನಲ್ಲಿ, ಮೂರನೆಯ ಸಲ ನಡೆದ ವಿಚಾರಣೆಯಲ್ಲಿ ಖುಲಾಸೆಯಾದರು. ಜ್ಯೂರಿ ಸದಸ್ಯರು ಅವರಿಗೆ ಅನ್ಯಾಯವಾಗಿದೆ ಎಂದು ಲಿಖಿತವಾಗಿ ಹೇಳಿ ಕ್ಷಮೆಯನ್ನೂ ಕೇಳಿದರು. ಹಾಗಿದ್ದರೂ ಅವರ ವೃತ್ತಿ ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ.

ಆದ್ದರಿಂದ ನಾನು ಈ ಕಲಮನ್ನು ಎರಡು ಮೆಟ್ಟಿಲಾಗಿ ಒಡೆಯುತ್ತೇನೆ. ವಂಚನೆ, ಕಳವು, ಲಂಚ, ನಕಲಿ ದಾಖಲೆ, ಮಾಹಿತಿ ಸೋರಿಕೆ, ಹಿಂಸೆ ಇಂಥವುಗಳ ಬಗ್ಗೆ ಮೇಲ್ನೋಟಕ್ಕೆ ನಂಬಬಹುದಾದ ದೂರು ಬಂದ ಕೂಡಲೇ ಆ ವ್ಯಕ್ತಿಯನ್ನು ನಿಮ್ಮ ಕೆಲಸದಿಂದ ದೂರವಿಡುವುದು, ಅವನ ಪಾಸ್‌ವರ್ಡ್ ಮತ್ತು ಪ್ರವೇಶಪತ್ರವನ್ನು ಹಿಂಪಡೆಯುವುದು, ಬದಲಿ ವ್ಯಕ್ತಿಯನ್ನು ಒದಗಿಸುವುದು ಮೊದಲನೆಯ ಮೆಟ್ಟಿಲು. ಇದು ಶಿಕ್ಷೆಯಲ್ಲ, ಯಾರ ಹೆಸರೂ ಕೆಡಬೇಕಾಗಿಲ್ಲ. ಕರಾರನ್ನೇ ಕೊನೆಗೊಳಿಸುವುದು ಎರಡನೆಯದು. ಅದಕ್ಕೆ ನ್ಯಾಯಾಲಯದ ತೀರ್ಪು ಬರಬಹುದು, ಇಲ್ಲವೇ ವಿಚಾರಣೆ ನಡೆಸಿ ಕೃತ್ಯ ನಡೆದಿರುವುದೇ ಹೆಚ್ಚು ಸಂಭವ ಎಂದು ಲಿಖಿತ ಕಾರಣಗಳೊಂದಿಗೆ ತೀರ್ಮಾನವಾಗಬಹುದು. ಕ್ರಿಮಿನಲ್ ನ್ಯಾಯಾಲಯಕ್ಕೆ ಬೇಕಾಗುವಷ್ಟು ಸಂಶಯಾತೀತ ಪುರಾವೆ ಸಿವಿಲ್ ಕರಾರಿಗೆ ಬೇಕಾಗುವುದಿಲ್ಲ, ಆದರೆ ಈ ಮಾತನ್ನು ಕರಾರಿನಲ್ಲೇ ಬರೆದಿಟ್ಟರೆ, ಖುಲಾಸೆಯಾಗಿದೆಯಲ್ಲ ಎಂದು ಮುಂದೆ ಬರುವ ವಾದಕ್ಕೆ ಉತ್ತರ ಸಿದ್ಧವಿರುತ್ತದೆ. ಅಪರಾಧಗಳನ್ನು ಹೆಸರಿಸಬೇಕಾದದ್ದೂ ಇದೇ ಕಾರಣಕ್ಕೆ: ರಜೆಯ ದಿನ ಕೆಂಪು ದೀಪ ದಾಟಿದ ನೌಕರನೂ ನಿಮ್ಮ ಈಗಿನ ಕಲಮಿನ ಬಲೆಗೆ ಬೀಳುತ್ತಾನೆ.

ಕಂಪನಿಯ ಅಪರಾಧವನ್ನೂ ನೌಕರನ ಅಪರಾಧವನ್ನೂ ನಿಮ್ಮ ಕರಡು ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಅದು ಸರಿಯಲ್ಲ. ನಿರ್ದೇಶಕರೇ ಭಾಗಿಯಾಗಿದ್ದರೆ ಅಥವಾ ತಿಳಿದೂ ಮುಚ್ಚಿಟ್ಟಿದ್ದರೆ ಕರಾರು ರದ್ದುಪಡಿಸುವುದು ನ್ಯಾಯ. ಕೆಳಹಂತದ ಒಬ್ಬನ ಕೃತ್ಯವನ್ನು ಕಂಪನಿಯೇ ಪತ್ತೆಹಚ್ಚಿ ನಿಮಗೆ ತಿಳಿಸಿದರೂ ಗುತ್ತಿಗೆ ಹೋಗುತ್ತದೆ ಎಂದಾದರೆ ಮುಂದೆ ಯಾರೂ ಏನನ್ನೂ ತಿಳಿಸುವುದಿಲ್ಲ. ಬ್ರಿಟನ್ನಿನ 2010ರ ಲಂಚ ಕಾಯಿದೆಯ 7ನೆಯ ಕಲಮು ಇದಕ್ಕೊಂದು ಮಾದರಿ: ಸಂಸ್ಥೆಯ ಪರವಾಗಿ ಕೆಲಸ ಮಾಡುವವರು ಅದರ ಲಾಭಕ್ಕಾಗಿ ಲಂಚ ಕೊಟ್ಟರೆ, ತಡೆಯದಿದ್ದುದಕ್ಕೆ ಸಂಸ್ಥೆಯೇ ಅಪರಾಧಿ, ಆದರೆ ತಡೆಯುವುದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡಿದ್ದೆವು ಎಂದು ತೋರಿಸಿದರೆ ಪಾರಾಗಬಹುದು. ನಿಮ್ಮ ಕರಾರಿನಲ್ಲಿಯೂ ಇಷ್ಟು ದಿನದೊಳಗೆ ತಿಳಿಸಬೇಕು, ದಾಖಲೆ ಅಳಿಸಬಾರದು, ತನಿಖೆಗೆ ಸಹಕರಿಸಬೇಕು ಎಂಬ ಕರ್ತವ್ಯಗಳನ್ನು ಹೇರಿ, ಅವುಗಳನ್ನು ಮೀರಿದರೆ ರದ್ದು ಎಂದು ಬರೆಯಿರಿ.

ನಷ್ಟವನ್ನು ಯಾರು ತುಂಬಿಕೊಡಬೇಕು ಎಂಬ ಬಗ್ಗೆ ನಿಮ್ಮ ಕಲಮು ಮೌನವಾಗಿದೆ. ನೌಕರನ ತಪ್ಪಿಗೆ ಯಜಮಾನ ಹೊಣೆ ಎಂಬ ಸಾಮಾನ್ಯ ನಿಯಮವನ್ನು ನೆಚ್ಚಿಕೊಂಡು ಕೂರಬೇಡಿ. ಮಾರಿಸನ್ಸ್ ಎಂಬ ಬ್ರಿಟಿಷ್ ಸೂಪರ್‌ಮಾರ್ಕೆಟ್ ಕಂಪನಿಯ ಒಬ್ಬ ಲೆಕ್ಕಪರಿಶೋಧಕ, ಶಿಸ್ತುಕ್ರಮದ ಸಿಟ್ಟಿನಿಂದ, ಸುಮಾರು 1 ಲಕ್ಷ ಸಹೋದ್ಯೋಗಿಗಳ ಸಂಬಳದ ವಿವರಗಳನ್ನು ಅಂತರಜಾಲದಲ್ಲಿ ಬಯಲು ಮಾಡಿದ. ಕೆಳಗಿನ ಎರಡು ನ್ಯಾಯಾಲಯಗಳು ಕಂಪನಿಯೂ ಹೊಣೆ ಎಂದವು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅವನು ಮಾಡಿದ್ದು ವೈಯಕ್ತಿಕ ಸೇಡಿನ ಕೆಲಸ, ಕಂಪನಿಯ ಕೆಲಸವಲ್ಲ ಎಂದು ಅದನ್ನು ತಿರುಗಿಸಿತು. ಆದ್ದರಿಂದ ಸಿಬ್ಬಂದಿಯ ಉದ್ದೇಶಪೂರ್ವಕ ಕೃತ್ಯದಿಂದಾದ ನಷ್ಟವನ್ನೂ ಗುತ್ತಿಗೆದಾರರು ಭರಿಸತಕ್ಕದ್ದು, ಹೊಣೆಗಾರಿಕೆಯ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಮಿತಿಯೇ ಇಲ್ಲದ ಹೊಣೆಯನ್ನು ಅವರು ಒಪ್ಪಲಿಕ್ಕಿಲ್ಲ. ಆಗ ಬೇರೆಯದೇ ದೊಡ್ಡ ಮಿತಿಯೊಂದನ್ನು ಗೊತ್ತುಪಡಿಸಿ, ಸಿಬ್ಬಂದಿಯ ಅಪ್ರಾಮಾಣಿಕತೆಗೆ ವಿಮೆ ಮಾಡಿಸುವ ಷರತ್ತು ಹಾಕುವುದು ರೂಢಿ. ಆ ವಿಮೆಯ ಪಾಲಿಸಿಯನ್ನು ತರಿಸಿ ಓದಿ: ನೌಕರನೊಬ್ಬ ಹಿಂದೆ ಅಪ್ರಾಮಾಣಿಕನಾಗಿದ್ದುದು ವಿಮೆ ಪಡೆದವರಿಗೆ ತಿಳಿದ ಕ್ಷಣದಿಂದ ಅವನ ಮಟ್ಟಿಗೆ ರಕ್ಷಣೆ ನಿಂತುಹೋಗುತ್ತದೆ ಎಂಬ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ.

ಕೊನೆಯದಾಗಿ ಒಂದು ಎಚ್ಚರಿಕೆ. ಹಣ ಹಿಂತಿರುಗಿಸಿದರೆ ಪೊಲೀಸರಿಗೆ ದೂರು ಕೊಡುವುದಿಲ್ಲ ಎಂಬ ವಾಕ್ಯವನ್ನು ಗುತ್ತಿಗೆದಾರರು ಸೇರಿಸಲು ಕೇಳಬಹುದು, ಒಪ್ಪಬೇಡಿ. ಭಾರತದ 1872ರ ಕರಾರು ಕಾಯಿದೆಯ 23ನೆಯ ಕಲಮು, ಕದ್ದ ವಸ್ತುಗಳ ಬೆಲೆ ಕೊಟ್ಟರೆ ಮೊಕದ್ದಮೆ ಕೈಬಿಡುವೆನೆಂಬ ಒಪ್ಪಂದವನ್ನು ಶೂನ್ಯವೆಂದು ಉದಾಹರಣೆ ಸಮೇತ ಹೇಳುತ್ತದೆ. ಬೇರೆ ಹಲವು ದೇಶಗಳ ನ್ಯಾಯಾಲಯಗಳ ನಿಲುವೂ ಇದೇ. ಗೋಪ್ಯತೆಯ ಕಲಮಿನಲ್ಲಿಯೂ ಅಪರಾಧವನ್ನು ಅಧಿಕಾರಿಗಳಿಗೆ ತಿಳಿಸುವುದಕ್ಕೆ ಅಡ್ಡಿಯಿಲ್ಲ ಎಂಬ ವಿನಾಯಿತಿ ಸೇರಿಸಿ. ನೌಕರರ ಪೂರ್ವಾಪರ ಪರಿಶೀಲನೆಯನ್ನು ಕಡ್ಡಾಯ ಮಾಡುವ ಮುನ್ನ ನಿಮಗೆ ಅನ್ವಯಿಸುವ ಕಾನೂನನ್ನು ವಕೀಲರಿಂದ ಕೇಳಿ ತಿಳಿಯಿರಿ. ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮಾವಳಿಯ 10ನೆಯ ವಿಧಿಯಂತೆ, ಕಾನೂನಿನ ಅನುಮತಿ ಇಲ್ಲದೆ ಖಾಸಗಿ ಸಂಸ್ಥೆಗಳು ವ್ಯಕ್ತಿಗಳ ಶಿಕ್ಷೆಯ ದಾಖಲೆಗಳನ್ನು ಸಂಗ್ರಹಿಸುವಂತಿಲ್ಲ.